ಖಾಲಿ ಪೆಟ್ಟಿಗೆಯ ಸಡಗರ

2004ರ ಏಪ್ರಿಲ್ 1ರಂದು ಗೂಗಲ್ ತನ್ನ ಜಿಮೇಲ್ ಸೇವೆಯನ್ನು ಪ್ರಕಟಿಸಿದಾಗ ಅನೇಕರು ಅದನ್ನು ಮೂರ್ಖರ ದಿನದ ಕುಚೋದ್ಯ ಎಂದುಕೊಂಡರು. ಆಗ ಹಾಟ್‌ಮೇಲ್ ಪುಕ್ಕಟೆಯಾಗಿ ಕೊಡುತ್ತಿದ್ದ ಜಾಗ 2 ಮೆಗಾಬೈಟ್, ಯಾಹೂ ಕೊಡುತ್ತಿದ್ದುದು 4. ಗೂಗಲ್ 1 ಗಿಗಾಬೈಟ್ ಕೊಡುತ್ತೇನೆ ಎನ್ನುತ್ತಿತ್ತು. ಒಂದು ಕೋಣೆಯ ಬಾಡಿಗೆ ಮನೆ ಹುಡುಕುತ್ತಿದ್ದವನಿಗೆ ಐನೂರು ಕೋಣೆಯ ಛತ್ರವನ್ನು ಬಾಡಿಗೆಯಿಲ್ಲದೆ ಬಿಟ್ಟುಕೊಟ್ಟ ಹಾಗೆ. ಕುಚೋದ್ಯವಲ್ಲ ಎಂದು ಖಾತ್ರಿಯಾದ ಮೇಲೆ ಇನ್ನೊಂದು ವಿಚಿತ್ರ ನಡೆಯಿತು. ಆರಂಭದಲ್ಲಿ ಒಳಗೆ ಬಿಟ್ಟುಕೊಂಡದ್ದು ಹೊರಗಿನ ಸುಮಾರು ಸಾವಿರ ಜನರನ್ನು ಮಾತ್ರ. ಅವರು ಕರೆದರೆ ಇನ್ನು ಕೆಲವರು, ಆ ಕೆಲವರು ಕರೆದರೆ ಮತ್ತೆ ಕೆಲವರು. ಈ ಕರೆಯೋಲೆಗಳನ್ನು ಜನ ಇಬೇ ಹರಾಜಿನಲ್ಲಿ ಕೊಂಡರು. ಕೆಲವದರ ಬೆಲೆ ನೂರು ಡಾಲರ್ ದಾಟಿತು. ನನಗೊಂದು ಕರೆಯೋಲೆ ಕೊಟ್ಟರೆ ನಿಮಗೆ ಇಂಥದ್ದು ಕೊಡುತ್ತೇನೆ ಎಂದು ಬರೆದುಕೊಳ್ಳುವುದಕ್ಕಾಗಿಯೇ ಜಿಮೇಲ್‌ಸ್ವಾಪ್ ಎಂಬ ತಾಣವೊಂದು ಹುಟ್ಟಿತು.

ಅವರೆಲ್ಲ ಬಯಸಿದ್ದಾದರೂ ಏನನ್ನು? ಕಾಗದವನ್ನಲ್ಲ, ಕಾಗದ ಬಂದು ಬೀಳುವ ಪೆಟ್ಟಿಗೆಯನ್ನು. ಗೇಟಿಗೆ ತಗುಲಿಹಾಕಿದ ತಗಡಿನ ಟಪಾಲು ಡಬ್ಬಿ ತುಕ್ಕು ಹಿಡಿದು ಹೊಸದು ತಂದರೆ ನಾವು ನೆರೆಹೊರೆಯವರನ್ನು ಕರೆದು ತೋರಿಸುವುದಿಲ್ಲ. ಹೊಸ ಸೀರೆಗೆ, ಹೊಸ ಸ್ಕೂಟರಿಗೆ ಸಂಭ್ರಮಪಡುವುದು ಅರ್ಥವಾಗುತ್ತದೆ. ಅವು ಮನೆಗೆ ಬಂದ ದಿನವೇ ಪೂರ್ತಿಯಾಗಿ ಬಂದಿರುತ್ತವೆ. ಹೊಸ ಇಮೇಲ್ ಖಾತೆ ಮಾತ್ರ ಪೂರಾ ಖಾಲಿ. ಅದರೊಳಗೆ ಬರಬೇಕಾದ್ದೆಲ್ಲ ಬೇರೆಯವರ ಕೈಯಿಂದ ಬರಬೇಕು. ಹಾಗಿದ್ದೂ ಕೆಲವು ವರ್ಷಗಳಿಗೊಮ್ಮೆ ಹೊಸದೊಂದು ಸೇವೆಗೆ ಜನ ಮುಗಿಬೀಳುತ್ತಾರೆ. 1996ರಲ್ಲಿ ಹಾಟ್‌ಮೇಲ್, 2004ರಲ್ಲಿ ಜಿಮೇಲ್, 2020ರಲ್ಲಿ ಹೇ, ಮೊನ್ನೆ ಮೊನ್ನೆ ಪಕ್ಕದ ತಮಿಳುನಾಡಿನ ಜೋಹೊ. ಪುಕ್ಕಟೆ ಸಿಗುವುದಕ್ಕೆ ಬಾಯಿ ಬಿಡುವ ಚಪಲ ಎಂದು ಇದನ್ನು ತಳ್ಳಿಹಾಕಬಹುದಿತ್ತು. ಆದರೆ ಹೇ ಪುಕ್ಕಟೆಯಾಗಿರಲಿಲ್ಲ. ಅದಕ್ಕೂ ಜನ ಸಾಲು ನಿಂತರು.

ನನಗೆ ತೋರುವುದು ಹೀಗೆ. ಕಾಗದ ಬರುವುದೆಂದರೆ ಒಂದು ಋಣ ಬರುವುದು. ಓದಬೇಕು. ಉತ್ತರ ಬರೆಯಬೇಕು, ಬರೆಯದಿದ್ದರೆ ಬರೆಯಲಿಲ್ಲವಲ್ಲ ಎಂಬ ಮುಳ್ಳು ಒಳಗೆಲ್ಲೋ ಆಡುತ್ತಿರುತ್ತದೆ. ಇಟ್ಟುಕೊಳ್ಳುವುದೋ ಬಿಸಾಡುವುದೋ ತೀರ್ಮಾನಿಸಬೇಕು. ಯಾರಿಗೆ ಗೊತ್ತಾಗಬೇಕು, ಯಾರಿಗೆ ಗೊತ್ತಾಗಬಾರದು ಎಂದು ಕಾಯಬೇಕು. ಪ್ರತಿ ಹೊಸ ಸೇವೆಯೂ ಈ ಋಣದ ಯಾವುದೋ ಒಂದು ಕಂತನ್ನು ಮನ್ನಾ ಮಾಡುವ ಮಾತಾಡುತ್ತದೆ. ನಮ್ಮ ಸಡಗರ ಪೆಟ್ಟಿಗೆಯದಲ್ಲ, ಸಾಲಮನ್ನಾದ್ದು. ಆದರೆ ಸಾಲದಲ್ಲೂ ತರತರ ಇದೆಯಲ್ಲ. ತಲೆಯ ಮೇಲೆ ಯಾರೋ ಹೊರಿಸಿದ ಬಡ್ಡಿ ಬೇರೆ, ಬೆಳೆಸಿದವರಿಗೆ ನಾವು ತೀರಿಸಬೇಕಾದ್ದು ಬೇರೆ. ಯಾವ ಕಂತು ಮನ್ನಾ ಆಗಬೇಕಾದ್ದು, ಯಾವುದು ಆಗಬಾರದ್ದು ಎಂಬುದನ್ನು ಮಾತ್ರ ಈ ಗಡಿಬಿಡಿಯಲ್ಲಿ ಯಾರೂ ಕೇಳುವುದಿಲ್ಲ.

ಮೊದಲನೆಯ ಮನ್ನಾ ನ್ಯಾಯವಾದದ್ದೇ ಆಗಿತ್ತು. ಬೆಂಗಳೂರಿನಲ್ಲಿ ಶಾಲೆ ಓದಿ ಮುಂದೆ ಅಮೆರಿಕಕ್ಕೆ ಹೋದ ಸಬೀರ್ ಭಾಟಿಯಾ ಮತ್ತು ಅವರ ಗೆಳೆಯ ಜ್ಯಾಕ್ ಸ್ಮಿತ್ ಸಂಬಳದ ಕೆಲಸದಲ್ಲಿದ್ದುಕೊಂಡೇ ಸ್ವಂತ ಉದ್ಯಮದ ಲೆಕ್ಕಾಚಾರ ಹಾಕುತ್ತಿದ್ದರು. ಕಚೇರಿಯ ಇಮೇಲಿನಲ್ಲಿ ಮಾತಾಡಿಕೊಂಡರೆ ಯಜಮಾನರ ಕಣ್ಣಿಗೆ ಬೀಳುವ ಭಯ. ಹೊರಗಿನ ತಮ್ಮ ಸ್ವಂತ ಖಾತೆಗೆ ಕಚೇರಿಯ ಜಾಲದಿಂದ ಹೋಗಲಾಗುತ್ತಿರಲಿಲ್ಲ. ವೆಬ್ ಪುಟ ತೆರೆಯಲು ಮಾತ್ರ ಅಡ್ಡಿಯಿರಲಿಲ್ಲ. ಹಾಗಾದರೆ ಇಮೇಲನ್ನೇ ವೆಬ್ ಪುಟವಾಗಿಸಿದರೆ? 1996ರ ಜುಲೈ 4ರಂದು, ಅಮೆರಿಕದ ಸ್ವಾತಂತ್ರ್ಯ ದಿನವನ್ನೇ ನೋಡಿ, ಹಾಟ್‌ಮೇಲ್ ಶುರು ಮಾಡಿದರು. ಅಲ್ಲಿಂದ ಹೊರಟ ಪ್ರತಿ ಪತ್ರದ ಬುಡದಲ್ಲಿ ನೀವೂ ಒಂದು ಪುಕ್ಕಟೆ ಖಾತೆ ತೆರೆಯಿರಿ ಎಂಬ ಸಾಲು ಅಂಟಿಕೊಂಡು ಹೋಗುತ್ತಿತ್ತು. 1997ರ ಡಿಸೆಂಬರಿನಲ್ಲಿ ಮೈಕ್ರೋಸಾಫ್ಟ್ ಅದನ್ನು ಕೊಳ್ಳುವ ಹೊತ್ತಿಗೆ ಎಂಬತ್ತೈದು ಲಕ್ಷ ಜನ ಸೇರಿದ್ದರು.

ಅದಕ್ಕೆ ಮೊದಲು ಇಮೇಲ್ ವಿಳಾಸ ಯಾರೋ ದಯಪಾಲಿಸಿದ್ದಾಗಿರುತ್ತಿತ್ತು: ಕೆಲಸ ಕೊಟ್ಟ ಕಂಪನಿ, ಸೀಟು ಕೊಟ್ಟ ಕಾಲೇಜು, ಸಂಪರ್ಕ ಕೊಟ್ಟ ಸಂಸ್ಥೆ. ಕೆಲಸ ಹೋದರೆ ವಿಳಾಸವೂ ಹೋಯಿತು. ಹಾಟ್‌ಮೇಲ್ ಕೊಟ್ಟದ್ದು ಯಾವ ಯಜಮಾನನ ಹಂಗೂ ಇಲ್ಲದ ವಿಳಾಸ. ಇದರ ನಿಜವಾದ ಬಿಸಿ ಅಮೆರಿಕದವರಿಗಿಂತ ನಮಗೆ ಹೆಚ್ಚು ತಟ್ಟಿತು ಎಂದು ನಾನು ತಿಳಿದಿದ್ದೇನೆ. ನಮ್ಮಲ್ಲಿ ವಿಳಾಸವೆಂದರೆ ಇನ್ನೊಬ್ಬರ ಹೆಸರಿನ ನೆರಳು. ಹೆಣ್ಣುಮಕ್ಕಳ ಹೆಸರಿನ ಕೆಳಗಂತೂ ಕೇರ್ ಆಫ್ ಎಂದು ಬರೆದು ತಂದೆಯ ಹೆಸರೋ ಗಂಡನ ಹೆಸರೋ ಬರಲೇಬೇಕು. ತುಂಬಿದ ಮನೆಯಲ್ಲಿ ಸೊಸೆಗೆ ತವರಿನಿಂದ ಬಂದ ಇನ್‌ಲ್ಯಾಂಡ್ ಲೆಟರನ್ನು ಮೊದಲು ಒಡೆಯುತ್ತಿದ್ದವರು ಮಾವನವರು. ಹಾಗೆ ಒಡೆಯುವುದು ತಪ್ಪೆಂದು ಅವರಿಗೂ ಅನ್ನಿಸುತ್ತಿರಲಿಲ್ಲ, ಅತ್ತ ಬರೆಯುವವರಿಗೂ ಅದು ಗೊತ್ತಿತ್ತು. ಆದ್ದರಿಂದಲೇ ಆ ಕಾಗದಗಳಲ್ಲಿ ಮಳೆ, ಬೆಳೆ, ದನಕರು, ಎಲ್ಲರ ಕ್ಷೇಮ, ಇಷ್ಟೇ. ಹೇಳಬೇಕಾದ್ದನ್ನು ಹಬ್ಬಕ್ಕೆ ಬಂದಾಗ ಹಿತ್ತಿಲಲ್ಲಿ ಹೇಳಿಕೊಳ್ಳಬೇಕಿತ್ತು.

ಆ ಮನೆಗಳ ಹುಡುಗಿಯರು ಇಪ್ಪತ್ತೈದು ವರ್ಷಗಳ ಹಿಂದೆ ಬಸ್‌ಸ್ಟ್ಯಾಂಡಿನ ಹತ್ತಿರದ ಸೈಬರ್ ಕೆಫೆಗಳಲ್ಲಿ, ಪ್ಲೈವುಡ್ಡಿನ ಗೂಡುಗಳಲ್ಲಿ ಇಬ್ಬಿಬ್ಬರು ಒಂದೇ ಕುರ್ಚಿಯಲ್ಲಿ ಕೂತು ಖಾತೆ ತೆರೆದುಕೊಂಡರು. ಗಂಟೆಯ ಲೆಕ್ಕದಲ್ಲಿ ದುಡ್ಡು ಕೊಟ್ಟು, ಸಂಪರ್ಕ ಕಡಿದು ಹೋದಾಗ ಗೊಣಗಿ, ಮತ್ತೆ ಮೊದಲಿನಿಂದ. ಕೊನೆಗೆ ತೆರೆಯ ಮೇಲೆ ಅವಳ ಹೆಸರು, ಒಂದು ಸುರುಳಿ ಚಿಹ್ನೆ, ಕಂಪನಿಯ ಹೆಸರು. ತಂದೆಯಿಲ್ಲ, ಗಂಡನಿಲ್ಲ, ಊರಿಲ್ಲ, ಪಿನ್‌ಕೋಡಿಲ್ಲ. ಆ ವಿಳಾಸಕ್ಕೆ ಯಾರು ಬರೆದರು, ಏನು ಬರೆದರು ಎಂಬುದಕ್ಕಿಂತ, ಬರೆದದ್ದನ್ನು ಮೊದಲು ಓದುವವಳು ಅವಳೇ ಎಂಬುದು ದೊಡ್ಡದಾಗಿತ್ತು. ನನಗೆ ಗೊತ್ತಿರುವ ಎಲ್ಲ ಇಮೇಲ್ ಸಡಗರಗಳಲ್ಲಿ ಇದಕ್ಕೆ ಸಮನಾದದ್ದಿಲ್ಲ. ಮಾವನವರಿಗೆ ಸಲ್ಲುತ್ತಿದ್ದ ಒಂದು ಕಂತು ಅಲ್ಲಿಗೆ ನಿಂತಿತು. ಅದು ಎಂದೂ ಸಲ್ಲಬೇಕಾದ ಸಾಲವೇ ಆಗಿರಲಿಲ್ಲ.

ಆ ಪತ್ರಗಳು ಕನ್ನಡದಲ್ಲಿರಲಿಲ್ಲ ಎಂಬುದು ಬೇರೆ ಕಥೆ. ಇದ್ದರೂ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ. ‘ಊಟ’ವನ್ನು ಎರಡು ಓ ಹಾಕಿ ಬರೆಯಬೇಕಾಗಿದ್ದ ಕಾಲ. ಬರಹದಲ್ಲೋ ನುಡಿಯಲ್ಲೋ ಟೈಪು ಮಾಡಿ ಕಳಿಸಿದರೆ ಅತ್ತ ಅದೇ ಫಾಂಟು ಇಲ್ಲದವರಿಗೆ ಇರುವೆ ಹರಿದ ಹಾಗೆ ಕಾಣುತ್ತಿತ್ತು. ಜಿಮೇಲ್ ಪೆಟ್ಟಿಗೆಯೊಳಗೇ ಕನ್ನಡ ಟೈಪು ಮಾಡುವ ಸೌಲಭ್ಯ ಬಂದದ್ದು 2009ರಲ್ಲಿ, ಹಿಂದಿ, ತಮಿಳು, ತೆಲುಗು, ಮಲಯಾಳಂ ಜೊತೆಗೆ. ಅದಕ್ಕೆ ಯಾರೂ ಹರಾಜು ಕೂಗಲಿಲ್ಲ. ಕೂಗಬಹುದಿತ್ತು.

ಜಿಮೇಲಿಗೆ ಮರಳೋಣ. ಗೂಗಲಿನ ಪಾಲ್ ಬುಕೈಟ್ 2001ರಲ್ಲಿ ಇದರ ಕೆಲಸ ಶುರು ಮಾಡಿದ್ದರು. ಕರೆಯೋಲೆಯ ಪದ್ಧತಿಯನ್ನು ಜನ ವ್ಯಾಪಾರದ ಜಾಣತನ ಎಂದು ಹೊಗಳಿದರು, ಬೈದರು. ಒಳಗಿನ ಸಂಗತಿ ಸರಳವಾಗಿತ್ತು: ಅವರ ಕೈಯಲ್ಲಿದ್ದುದು ಸಂಸ್ಥೆಯಲ್ಲಿ ಬೇರೆ ಯಾರಿಗೂ ಬೇಡವಾಗಿದ್ದ ಮುನ್ನೂರು ಹಳೆಯ ಪೆಂಟಿಯಂ ಯಂತ್ರಗಳು. ಎಲ್ಲರನ್ನೂ ಕರೆದರೆ ಎಲೆ ಹಾಕಲು ಜಾಗವಿರಲಿಲ್ಲ. ಆದರೆ ಆ ಕೊರತೆಯಿಂದಲೇ ಅದಕ್ಕೊಂದು ನೆಂಟಸ್ತಿಕೆಯ ಬಣ್ಣ ಬಂತು. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ಆ ದಿನಗಳನ್ನು ಕಳೆದವರಿಗೆ ನೆನಪಿರಬಹುದು; ಆರು ಕರೆಯೋಲೆ ಕೈಗೆ ಬಂದವನ ಸುತ್ತ ಹೇಗೆ ಗುಂಪು ಕಟ್ಟುತ್ತಿತ್ತು, ಯಾರಿಗೆ ಕೊಟ್ಟ ಯಾರಿಗೆ ಕೊಡಲಿಲ್ಲ ಎಂದು ಕ್ಯಾಂಟೀನಿನಲ್ಲಿ ಹೇಗೆ ಮಾತಾಗುತ್ತಿತ್ತು. ಲಗ್ನಪತ್ರಿಕೆಯ ರಾಜಕೀಯವೇ ಅದು. ಅಂಚೆಯಲ್ಲಿ ಕಳಿಸಿದ್ದೋ, ಮನೆಗೆ ಬಂದು ಕುಂಕುಮ ಕೊಟ್ಟು ಕರೆದದ್ದೋ ಎಂದು ನೋಡುವ ನಮಗೆ ಇದನ್ನು ಯಾರೂ ವಿವರಿಸಿ ಹೇಳಬೇಕಿರಲಿಲ್ಲ. 2007ರ ಫೆಬ್ರುವರಿಯಲ್ಲಿ ಬಾಗಿಲು ಎಲ್ಲರಿಗೂ ತೆರೆದಾಗ ಆ ರುಚಿ ತಾನಾಗಿ ಹೋಯಿತು.

ಕರೆಯೋಲೆಯ ರುಚಿ ಹೀಗೆ ಹೋದರೂ, ಜಿಮೇಲ್ ಮಾಡಿದ ದೊಡ್ಡ ಮನ್ನಾ ನಿಂತಿತು: ಇನ್ನು ಮುಂದೆ ನೀವು ಯಾವ ಪತ್ರವನ್ನೂ ಅಳಿಸಬೇಕಾಗಿಲ್ಲ. ವಿಂಗಡಿಸಲೂ ಬೇಡಿ, ಬೇಕೆನಿಸಿದಾಗ ಹುಡುಕಿ. ಮೊದಮೊದಲು ಅಳಿಸುವ ಗುಂಡಿಯೇ ಎದುರಿಗೆ ಕಾಣುತ್ತಿರಲಿಲ್ಲ; ಪಟ್ಟಿಯೊಂದರ ಒಳಗೆ ಹುದುಗಿತ್ತು. ಎದುರಿಗಿದ್ದದ್ದು ಸಂಗ್ರಹಿಸುವ ಗುಂಡಿ. 2 ಮೆಗಾಬೈಟಿನ ಕಾಲದಲ್ಲಿ ನಾಲ್ಕು ಫೋಟೋ ಬಂದರೆ ಕೂತು ಹಳೆಯ ಪತ್ರಗಳಲ್ಲಿ ಯಾವುದನ್ನು ಸಾಯಿಸಲಿ ಎಂದು ಆರಿಸುತ್ತಿದ್ದವರಿಗೆ ಇದು ಎಂಥ ನೆಮ್ಮದಿ! ಆರಿಸುವ ಕೆಲಸವೇ ಹೋಯಿತು. ಉಳಿದ ಕಂಪನಿಗಳೂ ಹಿಂದೆ ಬಿದ್ದವು. ಮೂರು ತಿಂಗಳು ಕಳೆಯುವುದರೊಳಗೆ ಯಾಹೂ 4ರಿಂದ 100 ಮೆಗಾಬೈಟಿಗೆ ಹಾರಿತು.

ಆರಿಸುವ ಕೆಲಸವೆಂದರೆ ಏನೆಂಬುದನ್ನು ನಾನು ಕಲಿತದ್ದು ನಮ್ಮ ಅಜ್ಜನ ಮನೆಯ ತಂತಿಯಿಂದ. ಜಗಲಿಯ ಗೂಟಕ್ಕೆ ನೇತುಹಾಕಿದ, ತುದಿ ಬಾಗಿಸಿ ಚೂಪು ಮಾಡಿದ ಒಂದು ತಂತಿ. ಬಂದ ಕಾರ್ಡು, ಇನ್‌ಲ್ಯಾಂಡು, ಕಂದಾಯದ ರಸೀದಿ, ಸೊಸೈಟಿಯ ನೋಟೀಸು ಎಲ್ಲವೂ ಓದಿದ ಮೇಲೆ ಅದಕ್ಕೆ ಚುಚ್ಚಿಕೊಂಡು ಕೂರುತ್ತಿದ್ದವು. ಹೊಸದು ಮೇಲೆ, ಹಳೆಯದು ಕೆಳಗೆ. ಇವತ್ತಿನ ಇನ್‌ಬಾಕ್ಸೂ ಅದೇ ಕ್ರಮ. ವರ್ಷಕ್ಕೊಮ್ಮೆ, ದೀಪಾವಳಿಗೆ ಸುಣ್ಣ ಬಳಿಯುವ ಮುಂಚೆ, ಅಜ್ಜಿ ಆ ತಂತಿಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂರುತ್ತಿದ್ದಳು. ಅವಳಿಗೆ ಓದು ಅಷ್ಟಕ್ಕಷ್ಟೆ. ಕೈಬರಹ ನೋಡಿ, ಮಸಿಯ ಬಣ್ಣ ನೋಡಿ, ಮೂಲೆಯ ಅರಿಶಿನದ ಗುರುತು ನೋಡಿ ಯಾರದೆಂದು ಹೇಳುತ್ತಿದ್ದಳು. ರಸೀದಿಗಳು ಅಜ್ಜನ ಪೆಟ್ಟಿಗೆಗೆ, ಮಕ್ಕಳ ಕೆಲವು ಕಾಗದಗಳು ಅವಳ ಟ್ರಂಕಿಗೆ, ಮಿಕ್ಕದ್ದು ಬಚ್ಚಲೊಲೆಗೆ. ಒಂದೊಂದನ್ನು ಒಲೆಗೆ ಹಾಕುವ ಮೊದಲು ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದಿರುತ್ತಿದ್ದಳು. ಇನ್ನೊಂದು ಕಟ್ಟಳೆಯೂ ಇತ್ತು, ಅದು ಅವಳೊಬ್ಬಳದಲ್ಲ, ಊರಿನದೇ. ಸಾವಿನ ಸುದ್ದಿ ಹೊತ್ತು ಬಂದ ಕಾರ್ಡು ತಂತಿಗೆ ಏರುತ್ತಿರಲಿಲ್ಲ. ಓದಿ, ಅಲ್ಲೇ ಹೊರಗೆ ಹರಿದು ಬಿಸಾಡಿ, ಒಳಗೆ ಬರಬೇಕು.

ಮೂಢನಂಬಿಕೆ ಎನ್ನುವವರು ಎನ್ನಲಿ. ಅದರಲ್ಲಿ ಒಂದು ತಿಳಿವಳಿಕೆಯಿತ್ತು: ಎಲ್ಲ ಸುದ್ದಿಯನ್ನೂ ಒಂದೇ ತಂತಿಗೆ ಚುಚ್ಚಬಾರದು; ಕೆಲವನ್ನು ಕಾಗದದಲ್ಲಿ ಇಟ್ಟುಕೊಳ್ಳಬೇಕು, ಕೆಲವನ್ನು ಮನಸ್ಸಿನಲ್ಲಿ ಮಾತ್ರ. ಯಾವುದನ್ನು ಎಲ್ಲಿ ಎಂದು ತೀರ್ಮಾನಿಸುವ ಕಷ್ಟವನ್ನು ಮನೆಯ ಒಬ್ಬರು ಹೊರಬೇಕು. ಜಿಮೇಲ್ ಮನ್ನಾ ಮಾಡಿದ್ದು ಈ ಕಷ್ಟವನ್ನು. ಪರಿಣಾಮ ತಿಳಿಯಲು ಸಾಕಷ್ಟು ವರ್ಷ ಹಿಡಿಯಿತು. ನನ್ನ ಒಬ್ಬ ಗೆಳೆಯ ತೀರಿಕೊಂಡು ಒಂಬತ್ತು ವರ್ಷವಾಯಿತು. ಇವತ್ತಿಗೂ ಯಾರಿಗೋ ಪತ್ರ ಬರೆಯಲು ಹೊರಟು ಮೊದಲೆರಡು ಅಕ್ಷರ ಒತ್ತಿದರೆ ಅವನ ವಿಳಾಸ ತಾನೇ ಮುಂದೆ ಬಂದು ನಿಲ್ಲುತ್ತದೆ. ವಿದ್ಯುತ್ ಬಿಲ್ಲಿನ ರಸೀದಿ ಹುಡುಕಿದರೆ, ಕರೆಂಟು ಹೋಗಿದೆ, ಬ್ಯಾಟರಿ ಮುಗಿಯುವ ಮೊದಲು ಬರೆಯುತ್ತಿದ್ದೇನೆ ಎಂದು ಅವನು ಎಂದೋ ಬರೆದ ಪತ್ರ ರಸೀದಿಗಳ ನಡುವೆ ಸಿಗುತ್ತದೆ. ಅವನ ಸಾವಿನ ಸುದ್ದಿ ಬಂದ ಪತ್ರವೂ ಅಲ್ಲೇ ಇದೆ, ಒಂದು ಬ್ಯಾಂಕಿನ ಜಾಹೀರಾತಿಗೂ ರೈಲು ಟಿಕೇಟಿಗೂ ಮಧ್ಯೆ. ಯಂತ್ರ ಅದನ್ನು ಹರಿದು ಹೊರಗೆ ಬಿಸಾಡಲಾರದು. ನಾನು ಬಿಸಾಡಬಹುದು, ಆದರೆ ಬಿಸಾಡಬೇಕಾಗಿಲ್ಲ ಎಂದು ಒಮ್ಮೆ ಹೇಳಿಸಿಕೊಂಡವನಿಗೆ ಬಿಸಾಡಲು ಕೈ ಬರುವುದಿಲ್ಲ. ಉಳಿಸಿಕೊಂಡದ್ದು ಪ್ರೀತಿಯಿಂದಲೋ ಸೋಮಾರಿತನದಿಂದಲೋ ಎಂಬುದು ಈಗ ನನಗೇ ಗೊತ್ತಾಗುವುದಿಲ್ಲ. ಅಜ್ಜಿಯ ಟ್ರಂಕಿನಲ್ಲಿದ್ದ ಹನ್ನೆರಡು ಕಾಗದಗಳ ಬಗ್ಗೆ ಆ ಅನುಮಾನವಿರಲಿಲ್ಲ.

ಇನ್ನು, ಎಂದೂ ಅಳಿಸಬೇಕಾಗಿಲ್ಲ ಎಂಬ ಮಾತಿನ ಗತಿ. ಇವತ್ತು ಪುಕ್ಕಟೆ ಸಿಗುವುದು 15 ಗಿಗಾಬೈಟ್, ಅದೂ ಫೋಟೋ, ಕಡತ ಎಲ್ಲ ಸೇರಿ. ತುಂಬಿದರೆ ಅಳಿಸಿ ಅಥವಾ ತಿಂಗಳ ಬಾಡಿಗೆ ಕೊಡಿ ಎಂಬ ಕೆಂಪು ಸೂಚನೆ ಬರುತ್ತದೆ. ಎರಡು ವರ್ಷ ಮುಟ್ಟದೆ ಬಿಟ್ಟ ಖಾತೆಗಳನ್ನು 2023ರ ಡಿಸೆಂಬರಿನಿಂದ ಸಂಸ್ಥೆಯೇ ಅಳಿಸತೊಡಗಿತು. ಆರಿಸುವ ಹೊರೆ ಎಲ್ಲೂ ಹೋಗಿರಲಿಲ್ಲ, ಇಪ್ಪತ್ತು ವರ್ಷ ಅಟ್ಟದ ಮೇಲಿತ್ತು. ಸತ್ತವರ ಪೆಟ್ಟಿಗೆಗಳನ್ನು ಮುಟ್ಟುವವರು ಯಾರು? ಅಲ್ಲಿ ಬಚ್ಚಲೊಲೆಯ ಮುಂದೆ ಕೂತು ಕ್ಷಣಹೊತ್ತು ಕೈಯಲ್ಲಿ ಹಿಡಿಯುವವರು ಯಾರೂ ಇಲ್ಲ.

ಇಷ್ಟು ದೊಡ್ಡ ಛತ್ರವನ್ನು ಪುಕ್ಕಟೆ ಕೊಟ್ಟವರಿಗೆ ದುಡ್ಡು ಎಲ್ಲಿಂದ ಬಂತು ಎಂಬ ಪ್ರಶ್ನೆಯನ್ನು ಕೆಲವರು ಮೊದಲ ವಾರದಲ್ಲೇ ಕೇಳಿದ್ದರು. ಪತ್ರದೊಳಗಿನ ಪದಗಳನ್ನು ಯಂತ್ರ ಓದಿ, ಅದಕ್ಕೆ ತಕ್ಕ ಜಾಹೀರಾತನ್ನು ಪಕ್ಕದಲ್ಲಿ ತೋರಿಸುತ್ತಿತ್ತು. 2004ರ ಏಪ್ರಿಲಿನಲ್ಲೇ ಖಾಸಗಿತನದ ಪರವಾಗಿ ದನಿಯೆತ್ತುವ 31 ಸಂಘಟನೆಗಳು ಗೂಗಲಿಗೆ ಪತ್ರ ಬರೆದವು. ಕ್ಯಾಲಿಫೋರ್ನಿಯಾದ ಸೆನೆಟರ್ ಲಿಜ್ ಫಿಗೆರೋವಾ ಮಸೂದೆಯನ್ನೇ ತಂದರು, ಅದು ಕಾನೂನಾಗಲಿಲ್ಲ. ಜಾಹೀರಾತಿಗಾಗಿ ಪತ್ರ ಓದುವುದನ್ನು ನಿಲ್ಲಿಸುತ್ತೇವೆ ಎಂದು ಗೂಗಲ್ ಹೇಳಿದ್ದು 2017ರಲ್ಲಿ. ನಡುವಿನ ಹದಿಮೂರು ವರ್ಷ ನಮಗೆ ಅದು ಅಷ್ಟಾಗಿ ತೊಂದರೆ ಕೊಡಲಿಲ್ಲ. ಮುಚ್ಚಿಡುವಂಥದ್ದು ನನ್ನಲ್ಲೇನಿದೆ ಎಂದು ಜಾಣರೂ ಹೇಳುತ್ತಿದ್ದರು. ಅವರು ಮರೆತದ್ದು, ಪತ್ರ ಬರೆದವರೊಬ್ಬರು ಇದ್ದಾರೆ, ಅವರು ಯಾವ ಒಪ್ಪಂದಕ್ಕೂ ರುಜು ಹಾಕಿಲ್ಲ ಎಂಬುದನ್ನು. ನನ್ನ ಪೆಟ್ಟಿಗೆಯ ಬಾಡಿಗೆಯನ್ನು ನನ್ನ ಗೆಳೆಯನ ಮಾತಿನಿಂದ ಕಟ್ಟುವುದು ಎಂಥ ವ್ಯವಹಾರ?

ಹಾಗೆಂದು ಪತ್ರವನ್ನು ಮೂರನೆಯವರು ಓದುವುದೇ ಪಾಪ ಎಂದು ಹೇಳಲೂ ನನಗೆ ಬಾಯಿ ಬರುವುದಿಲ್ಲ. ಅಕ್ಷರ ಬಾರದವರ ಮನೆಗಳಿಗೆ ಕಾಗದ ಓದಿ ಹೇಳುತ್ತಿದ್ದವನು ಪೋಸ್ಟ್‌ಮ್ಯಾನ್. ಕೇರಿಯ ಯಾವ ಮಗ ದುಡ್ಡು ಕಳಿಸುತ್ತಿಲ್ಲ, ಯಾವ ಅಳಿಯ ಕುಡಿಯುತ್ತಾನೆ ಎಂಬುದೆಲ್ಲ ಅವನಿಗೆ ಗೊತ್ತಿತ್ತು. ಆದರೆ ಓದಿದ ಮೇಲೆ ಅವನು ಎದುರಿಗೇ ನಿಂತಿರುತ್ತಿದ್ದ. ಅಳುವವರನ್ನು ನೋಡಬೇಕಿತ್ತು, ಒಂದು ಲೋಟ ನೀರೋ ಮಜ್ಜಿಗೆಯೋ ಕುಡಿದು ಎರಡು ಸಮಾಧಾನದ ಮಾತು ಹೇಳಬೇಕಿತ್ತು, ಮಾರನೆಯ ದಿನ ಅದೇ ಓಣಿಯಲ್ಲಿ ತಲೆಯೆತ್ತಿ ಸೈಕಲ್ ತುಳಿಯಬೇಕಿತ್ತು. ಓದಿದ್ದು ಅವನನ್ನೂ ಋಣಕ್ಕೆ ಎಳೆಯುತ್ತಿತ್ತು. ಯಂತ್ರ ಓದಿದರೆ ಅದಕ್ಕೆ ಯಾವ ಋಣವೂ ಹತ್ತುವುದಿಲ್ಲ. ಯಂತ್ರ ತಾನೇ, ಮನುಷ್ಯರಲ್ಲವಲ್ಲ ಎಂದು ಕಂಪನಿ ನಮಗೆ ಹೇಳುತ್ತಿದ್ದ ಸಮಾಧಾನವೇ ನನಗೆ ಅದರ ದೋಷವಾಗಿ ಕಾಣುತ್ತದೆ.

ಕಾಗದದ ಖರ್ಚು ಯಾರದು ಎಂಬುದು ಹಳೆಯ ಜಗಳ. ಬ್ರಿಟನ್ನಿನಲ್ಲಿ 1840ರವರೆಗೆ ಹೆಚ್ಚಾಗಿ ಪಡೆದವರೇ ಹಣ ಕೊಡಬೇಕಿತ್ತು. ರೋಲೆಂಡ್ ಹಿಲ್ ಎಂಬಾತ ಹಟ ಹಿಡಿದು ಕಳಿಸುವವರೇ ಒಂದು ಪೆನ್ನಿ ಕೊಟ್ಟು ಚೀಟಿ ಅಂಟಿಸುವ ಪದ್ಧತಿ ತಂದ. 1854ರಲ್ಲಿ ನಮ್ಮಲ್ಲೂ ದೂರದ ಲೆಕ್ಕವಿಲ್ಲದೆ ಅರ್ಧ ಆಣೆಯ ಚೀಟಿ ಬಂತು. ಆದರೂ ಚೀಟಿಯಿಲ್ಲದೆ ಹಾಕಿದ ಬೇರಿಂಗ್ ಕಾಗದಗಳು ನಮ್ಮ ಕಾಲದವರೆಗೂ ಬರುತ್ತಿದ್ದವು. ಪಡೆಯುವವರು ಎರಡರಷ್ಟು ತೆರಬೇಕು. ಮನೆಯವರು ಲಕೋಟೆಯನ್ನು ತಿರುಗಿಸಿ ಮುರುಗಿಸಿ ನೋಡಿ, ಯಾರಿರಬಹುದು, ಅಷ್ಟು ಬಾಳುತ್ತದೆಯೇ ಎಂದು ಚರ್ಚಿಸುತ್ತಿದ್ದರು. ಇಮೇಲ್ ಬಂದು ಕಳಿಸುವವರ ಖರ್ಚನ್ನೂ ಪಡೆಯುವವರ ಖರ್ಚನ್ನೂ ಅಳಿಸಿಹಾಕಿತು. ಬರೆಯುವುದಕ್ಕೆ ಕವಡೆಯ ಖರ್ಚೂ ಇಲ್ಲದಿದ್ದಾಗ ಬರೆಯಬೇಕೇ ಎಂದು ಯಾರು ಯೋಚಿಸುತ್ತಾರೆ? ಪೆಟ್ಟಿಗೆ ತುಂಬಿತು, ತುಂಬಿ ತುಳುಕಿತು.

2020ರ ಜೂನಿನಲ್ಲಿ ಬಂದ ಹೇ ಎಂಬ ಸೇವೆಯ ಸಡಗರ ಹುಟ್ಟಿದ್ದು ಇಲ್ಲಿಂದ. ಅಮೆರಿಕದ ಬೇಸ್‌ಕ್ಯಾಂಪ್ ಎಂಬ ಸಣ್ಣ ಕಂಪನಿಯದು. ವರ್ಷಕ್ಕೆ 99 ಡಾಲರ್. ಮೊದಲ ಸಲ ನಿಮಗೆ ಬರೆಯುವ ಯಾರೇ ಆಗಲಿ ಹೊರಗೆ ಕಾಯಬೇಕು. ನೀವು ಹೂಂ ಎಂದರೆ ಒಳಗೆ, ಉಹೂಂ ಎಂದರೆ ಅವರ ಪತ್ರ ಮತ್ತೆಂದೂ ನಿಮ್ಮ ಕಣ್ಣಿಗೆ ಬೀಳುವುದಿಲ್ಲ. ಖಾತೆ ಬೇಕಾದವರು ಮುಂಚಿತವಾಗಿ ಕಂಪನಿಗೆ ಪತ್ರ ಬರೆದು, ಇಮೇಲ್ ಬಗ್ಗೆ ತಮಗೆ ಏನನ್ನಿಸುತ್ತದೆ ಎಂದು ಹೇಳಿಕೊಳ್ಳಬೇಕಿತ್ತು. ಜನ ಬರೆದರು. ಪತ್ರಗಳಿಂದ ಬೇಸತ್ತವರು ತಮ್ಮ ಬೇಸರದ ಬಗ್ಗೆ ಪತ್ರ ಬರೆದು, ಉತ್ತರಕ್ಕೆ ಕಾದು ಕೂತರು. ಎರಡೇ ಅಕ್ಷರದ ಹೆಸರು ಬೇಕೆಂದರೆ ವರ್ಷಕ್ಕೆ 999 ಡಾಲರ್, ಮೂರಕ್ಷರದ್ದಕ್ಕೆ 349. ನಾಮಕರಣದಲ್ಲೂ ಕಾರ್ನರ್ ಸೈಟಿನ ಲೆಕ್ಕ!

ಲೇವಡಿ ಸುಲಭ. ಆದರೆ ನನಗೆ ಈ ಸೇವೆಯಲ್ಲಿ ಒಂದು ಪ್ರಾಮಾಣಿಕತೆ ಕಾಣುತ್ತದೆ. ಜಿಮೇಲ್ ಬಿಡಿಸಿದ ಆರಿಸುವ ಕೆಲಸವನ್ನು ಇದು ಹಿಂದಕ್ಕೆ ಕೊಟ್ಟಿತು, ಅದಕ್ಕೆ ಬೆಲೆ ಕಟ್ಟಿ. ಬೇರಿಂಗ್ ಕಾಗದವೇ ಮತ್ತೆ ಬಂದ ಹಾಗೆ: ಪಡೆಯುವವರು ದುಡ್ಡು ಕೊಡುತ್ತಾರೆ, ಆದ್ದರಿಂದ ಲಕೋಟೆಯನ್ನು ತಿರುಗಿಸಿ ನೋಡುತ್ತಾರೆ. ನನ್ನ ತಕರಾರು ಬೇರೆ. ನಮ್ಮ ಹಳೆಯ ಮನೆಗಳಲ್ಲೂ ಅಪರಿಚಿತರು ಸೀದಾ ಒಳಗೆ ಬರುತ್ತಿರಲಿಲ್ಲ. ಜಗಲಿಯ ಮೇಲೆ ಕೂರಬೇಕು, ಯಾವೂರು ಯಾರ ಪೈಕಿ ಎಂದು ಕೇಳಿಸಿಕೊಳ್ಳಬೇಕು. ಆ ವಿಚಾರಣೆಯಲ್ಲಿ ಜಾತಿಯ ಜರಡಿಯೂ ಇತ್ತು, ಅದನ್ನು ಮರೆತು ಜಗಲಿಯನ್ನು ಹೊಗಳಲಾಗದು. ಆದರೂ ಕೂತವರಿಗೆ ಬೆಲ್ಲ ನೀರು ಬರುತ್ತಿತ್ತು, ಆಗುವುದಿಲ್ಲ ಎಂಬುದನ್ನು ಮುಖ ನೋಡಿಯೇ ಹೇಳಬೇಕಿತ್ತು. ಹೇ ಪೆಟ್ಟಿಗೆಯಲ್ಲಿ ಉಹೂಂ ಎನ್ನಿಸಿಕೊಂಡವರಿಗೆ ಹಾಗೆ ಅನ್ನಿಸಿಕೊಂಡದ್ದೇ ಗೊತ್ತಾಗುವುದಿಲ್ಲ. ಅವರು ಉತ್ತರಕ್ಕೆ ಕಾಯುತ್ತಲೇ ಇರುತ್ತಾರೆ. ಕೆಲಸ ಕೇಳಿ ಬರೆದ ಹುಡುಗ, ಮೂವತ್ತು ವರ್ಷದ ಹಿಂದಿನ ಸಹಪಾಠಿ, ಬ್ಯಾಂಕಿನ ಮೋಸಗಾರ, ಎಲ್ಲರಿಗೂ ಅದೇ ಮೌನ.

ಜೋಹೊ ಕಥೆ ಬೇರೆ ಜಾತಿಯದು. 2025ರ ಅಕ್ಟೋಬರ್ 8ರಂದು ಕೇಂದ್ರ ಗೃಹಸಚಿವ ಅಮಿತ್ ಶಾ ತಾವು ಜೋಹೊ ಮೇಲ್‌ಗೆ ಬದಲಾಗಿರುವುದಾಗಿಯೂ ವಿಳಾಸ ಗುರುತು ಹಾಕಿಕೊಳ್ಳಬೇಕೆಂದೂ ಪ್ರಕಟಿಸಿದರು. ಒಂದಷ್ಟು ದಿನ ಎಲ್ಲರ ಬಾಯಲ್ಲೂ ಅದೇ. ತಮಾಷೆಯೆಂದರೆ ಆ ಸೇವೆ 2008ರಿಂದಲೇ ಇತ್ತು. ಹದಿನೇಳು ವರ್ಷದ ಹಳೆಯ ಪೆಟ್ಟಿಗೆ ಒಂದು ವಾರದಲ್ಲಿ ಹೊಸದಾಯಿತು. ನಮ್ಮ ಕಾಗದ ನಮ್ಮ ನೆಲದಲ್ಲಿರಲಿ ಎಂಬ ಆಸೆ ತಪ್ಪಲ್ಲ, ದೇಶಗಳ ಜಗಳದ ಈ ಕಾಲದಲ್ಲಿ ಅದಕ್ಕೆ ಕಾರಣಗಳೂ ಇವೆ. ಆದರೆ ಪೆಟ್ಟಿಗೆ ಯಾವ ದೇಶದ್ದಾದರೂ ಉತ್ತರ ಬರೆಯಬೇಕಾದವರು ನಾವೇ ತಾನೆ. ಸ್ವದೇಶಿ ಇನ್‌ಬಾಕ್ಸಿನಲ್ಲೂ ಓದದ ಪತ್ರಗಳ ಸಂಖ್ಯೆ ದಪ್ಪಕ್ಷರದಲ್ಲೇ ಕಾಣುತ್ತದೆ.

ಆ ಗದ್ದಲದಲ್ಲಿ ನಮ್ಮ ಬೀದಿಯ ನಿವೃತ್ತ ಮೇಷ್ಟ್ರೊಬ್ಬರಿಗೂ ಹೊಸ ಖಾತೆ ಬೇಕೆನಿಸಿತು. ಹಳೆಯದರಲ್ಲಿ ಹತ್ತೊಂಬತ್ತು ಸಾವಿರ ಓದದ ಪತ್ರಗಳಿದ್ದವು, ಸಾಲದವು, ಸೈಟಿನವು, ಮಂಡಿನೋವಿನ ಎಣ್ಣೆಯವು. ನಾನೇ ಕೂತು ತೆರೆದುಕೊಟ್ಟೆ. ಬೆಳ್ಳಗೆ ಖಾಲಿಯಾದ ತೆರೆಯನ್ನು ನೋಡಿ ಅವರು, “ಆಹಾ, ಸುಣ್ಣ ಬಳಿದ ಮನೆ ಇದ್ದಂಗಿದೆ ಕಣಯ್ಯ,” ಎಂದರು. ಒಳಗಿದ್ದದ್ದು ಕಂಪನಿಯ ಸ್ವಾಗತ ಪತ್ರ ಒಂದೇ. ಅವರು ತಮಗೆ ತಾವೇ ‘ಪರೀಕ್ಷೆ’ ಎಂದು ಒಂದು ಪತ್ರ ಕಳಿಸಿಕೊಂಡರು, ಅದು ಬಂದದ್ದನ್ನು ನೋಡಿ ಖುಷಿಪಟ್ಟರು.

ನಾಲ್ಕನೆಯ ದಿನ ಸಂಜೆ ಮನೆಗೆ ಬಂದರು.

“ಯಾರೂ ಬರೆದೇ ಇಲ್ವಲ್ಲಯ್ಯ.”

“ವಿಳಾಸ ಯಾರಿಗೆ ಕೊಟ್ಟಿದ್ದೀರಿ ಸಾರ್?”

“ಯಾರಿಗೂ ಇಲ್ಲ. ಕೊಟ್ಟರೆ ಮತ್ತೆ ಅದೇ ಸಂತೆ ಆಗತ್ತೆ ಅಂತ.”

ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದು, ಜೇಬಿನಿಂದ ಒಂದು ಕಟ್ಟು ಪೋಸ್ಟ್‌ಕಾರ್ಡು ತೆಗೆದರು. ಇಪ್ಪತ್ತೋ ಇಪ್ಪತ್ತೈದೋ ಇದ್ದವು. ಹಳೆಯ ಶಿಷ್ಯರಿಗೆ, ಧಾರವಾಡದಲ್ಲಿರುವ ತಂಗಿಗೆ, ಜೊತೆಗೆ ಕೆಲಸ ಮಾಡಿದ ಇಬ್ಬರಿಗೆ. ಮೇಲೆ ‘ಕ್ಷೇಮ’, ಕೆಳಗೆ ಎರಡು ಸಾಲು, ಅದರ ಕೆಳಗೆ ಹೊಸ ಇಮೇಲ್ ವಿಳಾಸ, ಇಂಗ್ಲಿಷಿನಲ್ಲಿ, ಮೇಷ್ಟ್ರ ಗುಂಡು ಅಕ್ಷರದಲ್ಲಿ. ಆ ಸುರುಳಿ ಚಿಹ್ನೆಯನ್ನು ಎಡಕ್ಕೆ ಸುತ್ತಬೇಕೋ ಬಲಕ್ಕೆ ಸುತ್ತಬೇಕೋ ನೋಡು ಎಂದು ಮೊದಲ ಕಾರ್ಡನ್ನು ನನ್ನ ಕೈಗೆ ಕೊಟ್ಟರು.